ಟೆಂಟ್ ಹೌಸಿನಿಂದ ಬಂದ ಕುಪ್ಪಸ

ನಮ್ಮೂರಿನ ಶಾಲೆಯ ಗೋಡೆಯ ಮೇಲೆ ಹೊರಗಿನಿಂದ ಬಂದ ಮಾಸ್ತರೊಬ್ಬರು ದೊಡ್ಡ ಅಕ್ಷರಗಳಲ್ಲಿ ಬರೆಸಿಹೋಗಿದ್ದಾರೆ: 'ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ.' ಅದನ್ನು ಓದಿ ನಾವೆಲ್ಲ ಚಿಕ್ಕಂದಿನಿಂದಲೂ ನಕ್ಕವರೇ. ಹೊರಗಿನವರಿಗೆ ಹಾಗಿರಬಹುದು. ನಮ್ಮೂರಲ್ಲಿ ಹುಟ್ಟಿದವರ ವಿದ್ಯೆ ಕೊಟ್ಟರೆ ಹೋಗುತ್ತದೆ. ನೀವು ಕಲಿಸಿದ್ದು ಎದುರಿನವರಿಗೆ ಪೂರ್ತಿ ಬಂತೋ, ಆ ಗಳಿಗೆಗೆ ನಿಮ್ಮಿಂದ ಪೂರ್ತಿ ಹೋಯಿತು. ಮಗನಿಗೆ ಸೈಕಲ್ ಕಲಿಸಿದ ಅಪ್ಪ ಅಂದಿನಿಂದ ಮಗನ ಹಿಂದೆ ಕ್ಯಾರಿಯರ್ ಮೇಲೆ ಕೂತು ಸಂತೆಗೆ ಹೋಗುತ್ತಾನೆ. ಮಗಳಿಗೆ ಹೋಳಿಗೆ ಕಲಿಸಿದ ತಾಯಿ ಹಬ್ಬ ಬಂತೆಂದರೆ ಮಗಳ ದಾರಿ ಕಾಯುತ್ತಾಳೆ. ಈಜು ಕಲಿಸುವವರು ಬಾವಿಯ ಮೆಟ್ಟಿಲ ಮೇಲೆ ಕೂತೇ ಕಲಿಸಬೇಕು. ಹಿಂದೊಮ್ಮೆ ಒಬ್ಬಾತ ನಡುನೀರಿನಲ್ಲಿ ನಿಂತು ಕಲಿಸುತ್ತಿದ್ದಾಗ ಮಗ ಪಟ್ಟನೆ ಕಲಿತುಬಿಟ್ಟ, ಆಮೇಲೆ ಆ ಮಗನೇ ಅಪ್ಪನ ಜುಟ್ಟು ಹಿಡಿದು ದಡಕ್ಕೆ ಎಳೆದು ತಂದ. ಹೆಣ್ಣು ನೋಡಲು ಬಂದವರು ಹುಡುಗಿಗೆ ಏನೇನು ಬರುತ್ತದೆ ಎಂದು ಕೇಳುವುದಿಲ್ಲ, ತಾಯಿಗೆ ಏನೇನು ಬರುವುದಿಲ್ಲ ಎಂದು ಕೇಳುತ್ತಾರೆ. ಶಾಲೆಗೆ ಮಾತ್ರ ಹಳ್ಳದ ಆಚೆಯಿಂದ ಮಾಸ್ತರುಗಳು ಬರುತ್ತಾರೆ. ಅವರಿಗೆ ಎಷ್ಟು ಕಲಿಸಿದರೂ ಏನೂ ಆಗುವುದಿಲ್ಲ, ಅದಕ್ಕೇ ಗೋಡೆಯ ಮೇಲೆ ಏನು ಬೇಕಾದರೂ ಬರೆಸುತ್ತಾರೆ.

ನಾನು ದಾಕ್ಷಾಯಣಿ, ಬಜಾರದ ಮೂಲೆಯಲ್ಲಿ ಹೆಂಗಸರ ಕುಪ್ಪಸ ಹೊಲಿಯುವವಳು. ಹೊಲಿಯುವುದು ಅಂದೆ, ಆದರೆ ಹೊಲಿಗೆ ಏನು ಮಹಾ? ಮಶೀನು ತುಳಿಯಲು ಕಾಲಿದ್ದರೆ ಸಾಕು. ಕುಪ್ಪಸದ ಜೀವ ಇರುವುದು ಕತ್ತರಿಸುವುದರಲ್ಲಿ. ಮೈಗೆ ಒಪ್ಪಬೇಕು, ಉಸಿರು ಕಟ್ಟಬಾರದು. ಕೊರಳು ಅಗಲವಿರಬೇಕು, ಹೆಗಲು ಜಾರಬಾರದು. ಆ ವಿದ್ಯೆ ಇಡೀ ಊರಿಗೆ ನನ್ನೊಬ್ಬಳಲ್ಲೇ ಇತ್ತು. ನನಗದನ್ನು ಕೊಟ್ಟವಳು ನನ್ನ ತಾಯಿಯ ತಂಗಿ, ಕಾಶವ್ವ ಚಿಗವ್ವ. ಅವಳು ಕೊಟ್ಟ ದಿನ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲ ಸಲ ಒಂದೂ ತಪ್ಪಿಲ್ಲದೆ ಕತ್ತರಿಸಿ, ಹೆಮ್ಮೆಯಿಂದ ಕತ್ತರಿಯನ್ನು ಅವಳ ಕೈಗೆ ಕೊಟ್ಟೆ. ಚಿಗವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ದಾಕ್ಷೂ, ಇದನ್ನ ಬಟ್ಟಿ ಮ್ಯಾಲೆ ಎಲ್ಲಿಂದ ಇಡಬೇಕ?" ಎಂದು ಕೇಳಿದಳು. ಕೇಳಿ ತಾನೇ ನಕ್ಕಳು. ನಾನು ಅತ್ತುಬಿಟ್ಟೆ. ಕಲಿತವರು ತಮ್ಮ ಕೈಯ ಮೊದಲ ಕೆಲಸವನ್ನು ಕಲಿಸಿದವರಿಗೆ ಒಪ್ಪಿಸಬೇಕು ಎಂಬುದು ನಮ್ಮೂರ ಪದ್ಧತಿ. ಹಾಗಾಗಿ ನನ್ನ ಮೊದಲ ಕುಪ್ಪಸ, ಹಸಿರು ಖಣದ್ದು, ಚಿಗವ್ವನ ಮೈ ಸೇರಿತು. ಅಂದಿನಿಂದ ಅವಳು ಅದೇ ಅಂಗಡಿಯಲ್ಲಿ ಅದೇ ಚಾಪೆಯ ಮೇಲೆ ಕೂತು, ನಾನು ಕತ್ತರಿಸಿದ ಕುಪ್ಪಸಗಳಿಗೆ ಹುಕ್ಕು ಹಚ್ಚುತ್ತ ಬಂದಿದ್ದಾಳೆ. ಈಗ ಹಲ್ಲಿಲ್ಲ, ಬಾಯಿ ಮಾತ್ರ ಗಟ್ಟಿ ಇದೆ.

ಅವಳು ನಕ್ಕಳು, ನನಗೆ ಆ ಧೈರ್ಯವಿರಲಿಲ್ಲ. ಕತ್ತರಿ ಹಿಡಿದು ಬಟ್ಟೆಯ ಮುಂದೆ ದಿಕ್ಕೆಟ್ಟು ಕೂರುವುದನ್ನು ನೆನೆದರೆ ಎದೆ ಝಲ್ಲೆನ್ನುತ್ತಿತ್ತು. ಎಷ್ಟೋ ಮಂದಿ ತಾಯಂದಿರು ಹೆಣ್ಣುಮಕ್ಕಳನ್ನು ಕರೆತಂದು, "ಅಕ್ಕಾರ, ನಿಮ್ಮ ಹಿಂದ ಯಾರ್ರೀ? ಇಕಿಗೆ ಕೊಟ್ಬಿಡ್ರಿ" ಎನ್ನುತ್ತಿದ್ದರು. ಮಗು ಇನ್ನೂ ಚಿಕ್ಕದು ಎಂದೆ, ಕೈ ಒರಟು ಎಂದೆ, ಈ ವರ್ಷ ಬೇಡ ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನಾನು ಸತ್ತರೆ ವಿದ್ಯೆಯೂ ನನ್ನ ಜೊತೆ ಮಣ್ಣಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ಬಿಡಲು ಮನಸ್ಸು ಬರುತ್ತಿರಲಿಲ್ಲ.

ಹೀಗಿರುವಾಗ ಹಳ್ಳದ ಆಚೆಯ ದೊಡ್ಡ ಊರಿನಿಂದ ಮಧುವಂತಿ ಎಂಬ ಹುಡುಗಿ ಬಂದಳು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳಂತೆ. ಆನ್‌ಲೈನ್ ತರಗತಿಗಳಲ್ಲಿ ಕಲಿಸಿದ್ದು ಕಲಿಯುವವರಿಗೆ ನಿಜವಾಗಿ ಮುಟ್ಟುತ್ತದೆಯೇ, ಮುಟ್ಟದಿದ್ದರೆ ಎಲ್ಲಿ ಸೋರಿಹೋಗುತ್ತದೆ ಎಂಬುದು ಅವಳ ವಿಷಯ. ಅದಕ್ಕೆ ನಮ್ಮೂರೇ ಯಾಕೆ ಎಂದು ಕೇಳಿದೆ. "ನಮ್ಮ ಕಡೆ ಪರೀಕ್ಷೆ ಇಡ್ತೀವಿ, ಪ್ರಶ್ನೆ ಕೇಳ್ತೀವಿ. ಆದ್ರೆ ಪಾಸಾಗೋದೇ ಬೇರೆ, ಬರೋದೇ ಬೇರೆ ಅಲ್ವಾ ದಾಕ್ಷಾಯಣಮ್ಮ? ನಿಮ್ಮೂರಲ್ಲಿ ಕಲಿಸಿದವರನ್ನ ನೋಡಿದ್ರೆ ಸಾಕು, ಕಲಿತವರಿಗೆ ಬಂತೋ ಇಲ್ವೋ ಗೊತ್ತಾಗಿಬಿಡುತ್ತೆ" ಎಂದಳು. ನಾನು ಫೋನಿನಲ್ಲಿ ಕುಪ್ಪಸ ಕತ್ತರಿಸುವುದನ್ನು ಕಲಿಸಬೇಕು, ಬೇರೆ ಬೇರೆ ಊರಿನ ಹೆಂಗಸರು ಅವರವರ ಮನೆಯಲ್ಲೇ ಕೂತು ಕಲಿಯುತ್ತಾರೆ. ಪ್ರತಿ ಪಾಠವನ್ನೂ ಫೋನು ಹಿಡಿದಿಟ್ಟುಕೊಳ್ಳುತ್ತದೆ, ಯಾರು ಯಾವಾಗ ಬೇಕಾದರೂ ತಿರುಗಿ ನೋಡಬಹುದು.

ನಾನು ಒಪ್ಪಿಕೊಂಡೆ. ಊರೇ ಬೆರಗಾಯಿತು. ದಾಕ್ಷಕ್ಕ ಕೊನೆಗೂ ಕೈಬಿಟ್ಟಳು ಎಂದರು. ನಿಜ ಹೇಳುತ್ತೇನೆ, ನಾನು ಒಪ್ಪಿದ್ದು ಫೋನು ನೋಡಿ ಯಾರಿಗೂ ಮೂರು ಕಾಸಿನ ವಿದ್ಯೆ ಬರುವುದಿಲ್ಲ ಎಂಬ ಗಟ್ಟಿ ನಂಬಿಕೆಯಿಂದ. ಮುಟ್ಟಿ ಕಲಿಸಿದರೇ ಬಾರದ ವಿದ್ಯೆ ಗಾಜಿನೊಳಗಿಂದ ಬಂದೀತೇ? ಕಲಿಸಿದೆ ಎಂಬ ಹೆಸರು ನನಗೆ, ವಿದ್ಯೆಯೂ ನನಗೆ. ಇನ್ನು ಮೇಲೆ ಯಾವ ತಾಯಿಯೂ ಮಗಳ ಕೈ ಹಿಡಿದು ಬಂದು ಕಾಡುವುದಿಲ್ಲ. ಚಿಗವ್ವ ಹುಕ್ಕು ಹಚ್ಚುತ್ತ ನನ್ನನ್ನೇ ನೋಡುತ್ತಿದ್ದಳು.

ತರಗತಿ ಮಧ್ಯಾಹ್ನ, ಎಲ್ಲರ ಮನೆಯಲ್ಲೂ ಊಟವಾಗಿ ಪಾತ್ರೆ ತೊಳೆದಾದ ಮೇಲೆ. ಮಧುವಂತಿ ಫೋನನ್ನು ನನ್ನ ಎದುರು ಒಂದು ಕಡ್ಡಿಗೆ ಸಿಕ್ಕಿಸಿ ನಿಲ್ಲಿಸಿದಳು. ಅದರಲ್ಲಿ ಸಣ್ಣ ಸಣ್ಣ ಚೌಕಗಳು, ಒಂದೊಂದು ಚೌಕದಲ್ಲಿ ಒಬ್ಬೊಬ್ಬಳು. ಒಬ್ಬಳ ಹಣೆ ಮಾತ್ರ ಕಾಣುತ್ತಿತ್ತು, ಇನ್ನೊಬ್ಬಳ ಮನೆಯ ಫ್ಯಾನು. ಹೆಸರಿನ ಜಾಗದಲ್ಲಿ ಕೆಲವರಿಗೆ ಗಂಡನ ಹೆಸರು, ಒಬ್ಬಳಿಗೆ 'ಚಿಂಟೂ ಮಮ್ಮಿ'. ಒಂದು ಚೌಕವಂತೂ ಕಡುಗಪ್ಪು, ಕೆಳಗೆ 'ಕಲ್ಮೇಶ್ವರ ಟೆಂಟ್ ಹೌಸ್' ಎಂದಿತ್ತು. ಯಾರೋ ಶಾಮಿಯಾನದವನು ದಾರಿ ತಪ್ಪಿ ಬಂದಿದ್ದಾನೆ ಎಂದುಕೊಂಡೆ. ನಾನು ಮಾತಾಡಲು ಶುರು ಮಾಡಿದರೆ ಒಬ್ಬಳ ಮನೆಯ ಕುಕ್ಕರ್ ಕೂಗುತ್ತಿತ್ತು, ಇನ್ನೊಬ್ಬಳ ಕೂಸು ಅಳುತ್ತಿತ್ತು. ಮಧುವಂತಿ ಎಲ್ಲರ ಧ್ವನಿ ಮುಚ್ಚಿಸಿದಳು. ಆಮೇಲೆ ಬಾವಿಗೆ ಮಾತಾಡಿದ ಹಾಗಾಯಿತು. ಅಳತೆಗೆ ನನ್ನ ಮೈಯನ್ನೇ ಇಟ್ಟುಕೊಂಡು, ಎದೆ ಇಷ್ಟು, ಹೆಗಲು ಇಷ್ಟು, ತೋಳು ಇಷ್ಟು ಎಂದು ಹೇಳಿ, ಬಟ್ಟೆ ಮಡಿಸಿ, ಗೆರೆ ಎಳೆದು, ಕತ್ತರಿಸಿದೆ. ಕೊನೆಗೆ ಧ್ವನಿ ತೆರೆಸಿ, "ತಿಳೀತೇನ್ರೀ ಎಲ್ಲಾರ್ಗೂ?" ಎಂದೆ. ಚೌಕಗಳೆಲ್ಲ ಬಾಯಿ ಬಿಟ್ಟು, "ತಿಳೀತ್ರೀ ಅಕ್ಕಾರ" ಎಂದವು. ಕೆಲವರು ಕೈಮುಗಿಯುವ ಚಿತ್ರ ಕಳಿಸಿದರು.

ಪಾಠ ಮುಗಿದೊಡನೆ ಮಧುವಂತಿ ನನ್ನ ಮುಂದೆ ಹೊಸ ಬಟ್ಟೆ ಹಾಸಿ, "ಕತ್ತರಿಸಿ ನೋಡೋಣ" ಎನ್ನುತ್ತಿದ್ದಳು. ಮೊದಲ ದಿನ ಹೆದರುತ್ತಲೇ ಕತ್ತರಿ ಹಿಡಿದೆ. ಅದು ಬಟ್ಟೆಯ ಮೇಲೆ ಸರಸರ ಓಡಿತು. ಮರುದಿನವೂ ಹಾಗೇ. ವಾರ ಕಳೆದರೂ ಹಾಗೇ. ಕಂಕುಳಿನ ತಿರುವು ಒಂದು ಕೂದಲೆಳೆ ಅತ್ತಿತ್ತ ಆಗಲಿಲ್ಲ. ಸುದ್ದಿ ಊರಿನಲ್ಲಿ ಹಬ್ಬಿತು: ದಾಕ್ಷಕ್ಕ ಕಲಿಸಿದಳು, ದಾಕ್ಷಕ್ಕ ಮರೆಯಲಿಲ್ಲ! ಬಜಾರದಲ್ಲಿ ಸಕ್ಕರೆ ಹಂಚಿದರು. ಇಷ್ಟು ಕಾಲ ಗಂಟು ಬಿಗಿಹಿಡಿದವರೆಲ್ಲ ಫೋನು ಎದುರಿಟ್ಟುಕೊಂಡು ಕಲಿಸತೊಡಗಿದರು. ಕ್ಷೌರದ ನಿಂಗಪ್ಪ ದಾಡಿ ಕೆರೆಯುವುದನ್ನು ಕಲಿಸಿದ, ತಬಲಾ ಬಾರಿಸುವ ಮುನೀರಸಾಹೇಬರು ತಬಲಾ ಕಲಿಸಿದರು, ಹಪ್ಪಳದ ಶೇವಂತವ್ವ ಹಪ್ಪಳ ಕಲಿಸಿದಳು. ಸಂಜೆ ಎಲ್ಲರೂ ಕಟ್ಟೆಯ ಮೇಲೆ ಸೇರಿ, ಇನ್ನೂ ಬರುತ್ತದೆ, ನನಗೂ ಬರುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನೆಮ್ಮದಿಯ ಉಸಿರು ಬಿಡುತ್ತಿದ್ದರು. ಅಷ್ಟು ಹಗುರವಾಗಿದ್ದ ಊರನ್ನು ನಾನು ನೋಡಿರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಇಂಥದೇ ಸಂಭ್ರಮ ನಡೆದಿರುವಾಗ ಚಿಗವ್ವ ಹುಕ್ಕಿನ ದಾರ ಬಾಯಿಯಿಂದ ಹರಿಯಲು ನೋಡಿ, ಹಲ್ಲಿಲ್ಲವೆಂದು ನೆನಪಾಗಿ, ಕತ್ತರಿಗೆ ಕೈ ಚಾಚಿದಳು. "ಮರ್ತಿಲ್ಲ ಅಂತ ಕುಣ್ಯಾಕತ್ತೀಯಲ್ಲ ದಾಕ್ಷೂ, ಹಂಗಾರ ಅವ್ರಿಗೆ ಬಂದಿಲ್ಲ ಅಂತ ಆತಲ್ಲ? ಕೋಲು ಮುರೀಲಿಲ್ಲ ಖರೇ, ಹಾವೂ ಸಾಯಲಿಲ್ಲ" ಎಂದಳು. ಹೇಳಿದ್ದು ಹೊಸ ಮಾತಲ್ಲ, ಕೂಸಿಗೂ ತಿಳಿಯುವಂಥದ್ದು. ಖುಷಿಯ ಭರದಲ್ಲಿ ಇಡೀ ಊರು ಅದನ್ನು ಮರೆತು ಕೂತಿತ್ತು. ನಾನು ಮಧುವಂತಿಯ ಮುಖ ನೋಡಿದೆ. ಅವಳಿಗೆ ಮೊದಲೇ ಗೊತ್ತಿತ್ತು. "ನಮ್ಮ ಪ್ರೊಫೆಸರ್‌ಗೂ ಹೇಳಿದೀನಿ" ಎಂದಳು ತಲೆ ತಗ್ಗಿಸಿ. "ಹೀಗೇ ಇದ್ರೆ, ಆನ್‌ಲೈನಲ್ಲಿ ಯಾರಿಗೂ ಏನೂ ಬರಲ್ಲ ಅಂತ ಬರೆದು ಮುಗಿಸೋದೇ."

ನಾನು ಬಯಸಿದ್ದು ಇದನ್ನೇ ಅಲ್ಲವೇ? ವಿದ್ಯೆ ಕೈಯಲ್ಲೇ ಇತ್ತು, ಹೆಸರೂ ಬಂದಿತ್ತು. ಆದರೂ ಮೈಯೆಲ್ಲ ಉರಿಯಿತು. ಇಷ್ಟು ದಿನ ಗಂಟಲು ಹರಿದುಕೊಂಡಿದ್ದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತೇ? ಚಿಗವ್ವ ಎದುರಿಗೆ ಕೂರಿಸಿಕೊಂಡು ನನ್ನಂಥ ಮೊಂಡಿಗೆ ಕಲಿಸಿದ್ದಳು. ನನಗೆ ಒಬ್ಬಳಿಗಾದರೂ ಕಲಿಸಲು ಬರಲಿಲ್ಲವೆಂದರೆ ನಾನೆಂಥವಳು? ಕೊಡಬಾರದು ಎಂದು ಕೂತವಳಿಗೆ, ಕೊಡಲು ಬರುವುದಿಲ್ಲ ಎಂಬ ಮಾತು ಚುಚ್ಚಿತು. "ತಂಗೀ, ಬರಿಬ್ಯಾಡ. ಇನ್ನೊಂದು ಸಲ ಮೊದಲಿಂದ ಕಲ್ಸ್ತೀನಿ" ಎಂದೆ ಮಧುವಂತಿಗೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

ಮರುದಿನ ಪಾಠ ಮಾಡಲಿಲ್ಲ. ಎಲ್ಲರ ಧ್ವನಿ ತೆರೆಸಿ, "ನಿಮಗ ಏನು ಕಾಣಸ್ತೈತಿ ಅದನ್ನ ಹೇಳ್ರಿ, ನಾಚಿಗಿ ಬ್ಯಾಡ" ಎಂದೆ. ಚಿಂಟೂ ಮಮ್ಮಿ, "ನಿಮ್ಮ ಮುಖ ಛಂದ ಕಾಣಸ್ತೈತ್ರೀ ಅಕ್ಕಾರ" ಎಂದಳು. "ಮತ್ತ ಬಟ್ಟಿ?" "ಬಟ್ಟಿ ಕಾಣಂಗಿಲ್ರೀ. ನೀವು ಬಗ್ಗಿದ್ರ ನಿಮ್ಮ ತಲಿ ಕಾಣಸ್ತೈತಿ." "ಹಂಗಾರ ದಿನಾ ತಿಳೀತ್ರೀ ತಿಳೀತ್ರೀ ಅಂತಿದ್ದಿರಲ್ಲ?" "ಅಷ್ಟು ಪ್ರೀತಿಲೆ ಕೇಳ್ತಿದ್ರಿ, ಇಲ್ಲ ಅನ್ನಾಕ ಮನಸ್ಸು ಬರಲಿಲ್ರೀ." ನಾನು ಬೈಯಬೇಕೆಂದು ಬಾಯಿ ತೆರೆದವಳು ನಕ್ಕುಬಿಟ್ಟೆ. ಅಷ್ಟೂ ದಿನ ನಾನು ನನ್ನ ನಡುನೆತ್ತಿಯನ್ನು ಕಲಿಸಿದ್ದೆ.

ಅಂಗಡಿಯ ತೊಲೆಯಲ್ಲಿ ಹಿಂದೆ ತೊಟ್ಟಿಲು ಕಟ್ಟುತ್ತಿದ್ದ ಕೊಂಡಿಯೊಂದಿತ್ತು. ಫೋನನ್ನು ಅದಕ್ಕೆ ಕಟ್ಟಿ, ಬಟ್ಟೆಯ ನೆತ್ತಿಯ ಮೇಲೆ ತೂಗಿಬಿಟ್ಟೆವು. ನನ್ನ ಮುಖ ಹೋಯಿತು, ಕೈ ಬಂತು. ಒಂದು ದಿನಕ್ಕೆ ಒಂದೇ ತಿರುವು. ಕೊರಳಿನ ದಿನ ಕೊರಳು ಮಾತ್ರ, ಹೆಗಲಿನ ದಿನ ಹೆಗಲು ಮಾತ್ರ. ಹಳೆಯ ಪೇಪರಿನಲ್ಲಿ ಎಲ್ಲರೂ ಕತ್ತರಿಸಿ ತೋರಿಸಬೇಕು ಎಂದೆ. ತಪ್ಪಾದದ್ದನ್ನು ತೋರಿಸಲು ಅವರಿಗೆ ಸಂಕೋಚ. ಆಗ ನಾನೇ ಬೇಕೆಂದು ಒಂದು ಕುಪ್ಪಸ ಕೆಡಿಸಿ ಹೊಲಿದು, ತೊಟ್ಟುಕೊಂಡು, ಫೋನಿನ ಮುಂದೆ ನಿಂತೆ. ಒಂದು ಹೆಗಲು ಮೇಲೆ, ಒಂದು ಕೆಳಗೆ, ಬೆನ್ನಲ್ಲಿ ಬುಗ್ಗೆ. ಚೌಕಗಳೆಲ್ಲ ನಕ್ಕು ನಕ್ಕು ಅಲ್ಲಾಡಿದವು. "ಎಲ್ಲಿ ತಪ್ಪೈತಿ, ನೀವ ಹೇಳ್ರಿ" ಎಂದೆ. ಅಂದಿನಿಂದ ಪೇಪರುಗಳು ಬರತೊಡಗಿದವು, ವಕ್ರವಾದವು, ಹರಿದವು, ಎರಡೂ ತೋಳು ಒಂದೇ ಬದಿಗೆ ಕತ್ತರಿಸಿದವು. ಒಬ್ಬಳ ತಪ್ಪನ್ನು ಇನ್ನೊಬ್ಬಳು ತಿದ್ದುತ್ತಿದ್ದಳು. ಸಲಿಗೆ ಬೆಳೆದು ನಮ್ಮೂರ ಸುದ್ದಿಯೂ ಮಾತಿಗೆ ಬರುತ್ತಿತ್ತು. ಮೊದಲ ಕುಪ್ಪಸ ಕಲಿಸಿದವರಿಗೆ ಸಲ್ಲಬೇಕು, ನೆನಪಿಟ್ಕೊಳ್ರಿ ಎಂದು ನಾನು ನಗುತ್ತ ಚಾಷ್ಟಿ ಮಾಡುತ್ತಿದ್ದೆ. ಟೆಂಟ್ ಹೌಸಿನ ಕಪ್ಪು ಚೌಕ ಮಾತ್ರ ಏನನ್ನೂ ತೋರಿಸಲಿಲ್ಲ, ಏನನ್ನೂ ಆಡಲಿಲ್ಲ. "ಅವನ್ನ ತಗದ ಹಾಕು, ಫೋನು ಹಚ್ಚಿ ಮಲಗಿರ್ತಾನ" ಎಂದೆ ಮಧುವಂತಿಗೆ. "ಬೇಡಿ ದಾಕ್ಷಾಯಣಮ್ಮ" ಎಂದಳು ಅವಳು. "ಸುಮ್ನಿರೋರೆಲ್ಲ ಮಲಗಿರೋರಲ್ಲ. ಒಂದು ದಿನಾನೂ ತಪ್ಪಿಸಿಲ್ಲ ನೋಡಿ."

ತೋಳಿನ ಪಾಠದ ದಿನ ಆ ಕಪ್ಪು ಚೌಕದಿಂದ ಒಂದು ಹೆಣ್ಣು ಧ್ವನಿ ಬಂತು, ಪಿಸುಮಾತಿನಷ್ಟು ಸಣ್ಣಗೆ. "ಅಕ್ಕಾರ, ಒಂದು ಕೇಳ್ಲೇನ್ರೀ? ಕೈ ಮ್ಯಾಲೆತ್ತಿದ್ರ ಕುಪ್ಪಸ ಕಂಕುಳಾಗ ಹಿಡಿದು ಮ್ಯಾಲ ಎಳೀತೈತ್ರಿ, ಹೊಟ್ಟಿ ಕಾಣಸ್ತೈತಿ. ನಾನು ದಿನಾ ಶಾಮಿಯಾನ ಗಂಟು ಲಾರಿಗೆ ಏರಸಾಕಿ. ಕೆಳಗ ಗಂಡಸ್ರು ಇರ್ತಾರ. ಕೈ ಎತ್ತಿದ್ರೂ ಎಳೀದಂಗ ಕತ್ತರಸಾಕ ಬರ್ತೈತೇನ್ರೀ?"

ನನ್ನ ಬಳಿ ಕುಪ್ಪಸ ಹೊಲಿಸುವವರೆಲ್ಲ ಕೈ ಇಳಿಬಿಟ್ಟು ಕನ್ನಡಿಯ ಮುಂದೆ ನಿಲ್ಲುವವರು, ಮದುವೆಗೆ ಹೋಗುವವರು. ಕೈ ಎತ್ತಿದವಳಿಗೆಂದು ನಾನು ಯಾವತ್ತೂ ಕತ್ತರಿ ಆಡಿಸಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಅಂದು ಸಂಜೆಯೆಲ್ಲ ಚಿಗವ್ವನ ಕೈ ಎತ್ತಿಸಿ ಇಳಿಸಿ ನೋಡಿದೆ. "ಸಾಕು ಬಿಡ, ಬಸ್ಸಿಗೆ ಕೈ ಮಾಡಿದಂಗ ಆತು" ಎಂದು ಅವಳು ಗೊಣಗಿದಳು. ಮರುದಿನ ಪಾಠದಲ್ಲಿ ಹೇಳಿದೆ: ಕಂಕುಳನ್ನು ಕೆಳಗಿಳಿಸಿದರೆ ಕೈ ಸಲೀಸು ಎಂದು ಎಲ್ಲರೂ ತಿಳಿದಿದ್ದಾರೆ, ಅದು ತಪ್ಪು. ಕಂಕುಳು ಮೇಲಿರಬೇಕು, ಮೈಗೆ ಹತ್ತಿರ. ಹೆಗಲಿಗೆ ಕೂಡುವ ತೋಳಿನ ತಲೆಯ ಉಬ್ಬು ತಗ್ಗಬೇಕು, ಅಗಲ ಹೆಚ್ಚಬೇಕು. ಆಗ ತೋಳು ಎದ್ದರೂ ಮೈ ಏಳುವುದಿಲ್ಲ. ಪೇಪರಿನಲ್ಲಿ ಕತ್ತರಿಸಿ, ತಿರುವಿ, ಮತ್ತೆ ಕತ್ತರಿಸಿ ತೋರಿಸಿದೆ. "ತಿಳೀತೇನವಾ?" ಎಂದೆ. "ಇಲ್ರೀ, ಇನ್ನೊಮ್ಮೆ ತೋರಸ್ರಿ" ಎಂದಳು ಕತ್ತಲೊಳಗಿಂದ. ಅಂಥ ಮಾತನ್ನು ಆ ತರಗತಿಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ನನಗೆ ಅವಳ ಮೇಲೆ ಮಮತೆ ಉಕ್ಕಿತು. ಇನ್ನೊಮ್ಮೆ ತೋರಿಸಿದೆ, ಮತ್ತೊಮ್ಮೆ ತೋರಿಸಿದೆ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಮದುವಣಗಿತ್ತಿಯ ಖಣ ಮಡಿಸಿ ಮುಂದಿಟ್ಟುಕೊಂಡೆ. ಕತ್ತರಿ ಎತ್ತಿದೆ. ಎತ್ತಿದ ಕೈ ನಿಂತಿತು. ಬಟ್ಟೆಯ ಮೇಲೆ ಗೆರೆ ಎಲ್ಲಿಂದ ಶುರುವಾಗಬೇಕು? ಬಟ್ಟೆ ನೋಡಿದೆ, ಕತ್ತರಿ ನೋಡಿದೆ. ಒಳಗೆ ಹುಡುಕಿದೆ, ಏನೂ ಇರಲಿಲ್ಲ. ಇಷ್ಟು ವರ್ಷ ಹೆದರಿದ ಗಳಿಗೆ ಕಡೆಗೂ ಬಂದಿತ್ತು. ಆಮೇಲೆ ಹೊಟ್ಟೆಯೊಳಗಿಂದ ನಗು ಎದ್ದಿತು. ಬಂತು, ಯಾರಿಗೋ ಬಂತು! ಎಲ್ಲೋ ಒಂದು ಊರಿನಲ್ಲಿ ಒಬ್ಬಳ ಕೈಗೆ ಈ ಬೆಳಿಗ್ಗೆ ಅದು ಹೋಗಿ ಸೇರಿದೆ. "ಚಿಗವ್ವಾ, ಹೋತು!" ಎಂದು ಕೂಗಿದೆ. ಅವಳು ಹುಕ್ಕು ಬಿಟ್ಟು ಎದ್ದು ಬಂದು ನನ್ನ ತಲೆ ನೇವರಿಸಿದಳು. "ಹಗರಾತಲ್ಲ?" ಎಂದಳು. ಆಗಿತ್ತು. ಸುಳ್ಳು ಯಾಕೆ ಹೇಳಲಿ, ಎಷ್ಟೋ ವರ್ಷದಿಂದ ಹೊತ್ತ ಹೊರೆ ಇಳಿಸಿದ ಹಾಗಿತ್ತು. ನಕ್ಕೆ, ಅತ್ತೆ, ಮತ್ತೆ ನಕ್ಕೆ. ಮದುವಣಗಿತ್ತಿಯ ತಾಯಿಗೆ ಮಾತ್ರ ಏನು ಹೇಳಬೇಕೋ ತಿಳಿಯಲಿಲ್ಲ.

ಮಧುವಂತಿ ಓಡಿಬಂದಳು. ಅವಳ ಸಂತೋಷಕ್ಕೆ ಮೇರೆ ಇರಲಿಲ್ಲ. ಎಲ್ಲರಿಗೂ ಫೋನು ಮಾಡಿದಳು. ಯಾರಿಗೂ ಪೂರ್ತಿ ಬಂದಿರಲಿಲ್ಲ, ಒಬ್ಬಳಿಗೆ ಕೊರಳವರೆಗೆ, ಇನ್ನೊಬ್ಬಳಿಗೆ ಹೆಗಲವರೆಗೆ ಬಂದು ನಿಂತಿತ್ತು. ಟೆಂಟ್ ಹೌಸಿನ ಫೋನು ಹತ್ತಲಿಲ್ಲ. ನಂತರ ಅವಳು ಮೆತ್ತಗೆ ಹೇಳಿದಳು: "ದಾಕ್ಷಾಯಣಮ್ಮ, ನಿಮ್ಮ ಪಾಠಗಳೆಲ್ಲ ಫೋನಲ್ಲಿ ಇವೆಯಲ್ಲ. ನೀವೇ ನೋಡಿ ಮತ್ತೆ ಕಲಿತ್ಕೊಳ್ಳಿ. ನನ್ನ ಸಂಶೋಧನೆಗೂ ಅದು ಬೇಕು." ನಾನು ಬೇಡವೆಂದು ತಲೆಯಾಡಿಸಿಬಿಟ್ಟೆ. ನಮ್ಮೂರಲ್ಲಿ ಕೊಟ್ಟದ್ದನ್ನು ತಿರುಗಿ ಕಲಿತರೆ ಪಡೆದವರಿಂದ ಹೋಗುತ್ತದೆ, ಅದಕ್ಕೇ ಯಾವ ತಾಯಿಯೂ ಮಗಳಿಂದ ಹೋಳಿಗೆಯನ್ನು ವಾಪಸು ಕಲಿಯುವುದಿಲ್ಲ. ಫೋನಿನಿಂದ ಕಲಿತರೆ ಏನಾಗುತ್ತದೋ ಯಾರು ಬಲ್ಲರು? "ಆ ಹೆಣ್ಮಗಳ ಕೈಯಾಗಿಂದ ಹೋದ್ರ ಹೆಂಗ? ಯಾರಂತ ಗೊತ್ತಿಲ್ಲ, ಈಗ ಕತ್ತರಿ ಹಿಡದು ಯಾರ ಖಣದ ಮುಂದ ಕುಂತಾಳೋ. ನಾ ಒಲ್ಲೆ" ಎಂದೆ. ಅವಳು ಒತ್ತಾಯ ಮಾಡಲಿಲ್ಲ. ಮದುವಣಗಿತ್ತಿಯ ಖಣವನ್ನು ಹಳ್ಳದಾಚೆಯ ದರ್ಜಿಗೆ ಕಳಿಸಿಕೊಟ್ಟೆ. ನಾನೂ ಚಾಪೆಯ ಮೇಲೆ ಚಿಗವ್ವನ ಪಕ್ಕ ಕೂತು, ಮೊದಲೇ ಕತ್ತರಿಸಿ ಹೊಲಿದಿಟ್ಟಿದ್ದ ಕುಪ್ಪಸಗಳಿಗೆ ಹುಕ್ಕು ಹಚ್ಚತೊಡಗಿದೆ.

ಒಂದು ದಿನ ಶಾಮಿಯಾನದ ಗಂಟುಗಳನ್ನು ಹೇರಿದ ಲಾರಿಯೊಂದು ಅಂಗಡಿಯ ಮುಂದೆ ನಿಂತು, ಡ್ರೈವರು ಒಂದು ಪೊಟ್ಟಣ ಕೊಟ್ಟು ಹೋದ. ಬಿಚ್ಚಿದರೆ ಕುಪ್ಪಸ. ಕೆಂಪು ಹಳದಿ ಪಟ್ಟೆಯ ಶಾಮಿಯಾನದ ಬಟ್ಟೆಯದು! ತೊಟ್ಟೆ. ಹೆಗಲು ಕೂತಿತು, ಬೆನ್ನು ಕೂತಿತು. ಕೈ ಮೇಲೆತ್ತಿದೆ, ಕುಪ್ಪಸ ಇದ್ದಲ್ಲಿಂದ ಕದಲಲಿಲ್ಲ. ಅದು ಹೇಗೆ ಕತ್ತರಿಸಿದ್ದೆಂದು ನನಗೆ ತಿಳಿಯಲಿಲ್ಲ, ಛಂದ ಇದೆ ಎಂಬುದು ಮಾತ್ರ ಮೈಗೆ ತಿಳಿಯಿತು. ಅಂದೇ ಫೋನೂ ಬಂತು. "ನಾನ್ರೀ ಅಕ್ಕಾರ, ಫಕೀರವ್ವ, ಟೆಂಟ್ ಹೌಸಿನಾಕಿ. ಪದ್ಧತಿ ಹೇಳಿದ್ರಲ್ಲ, ಮೊದಲನೇದು ನಿಮಗಂತ. ಹೊಸಾ ಬಟ್ಟಿ ಇರ್ಲಿಲ್ರೀ, ಹರಿದ ಪೆಂಡಾಲ ಇತ್ತು. ಸಿಟ್ಟಾಗಬ್ಯಾಡ್ರಿ." ಇಷ್ಟು ದಿನ ಮುಖ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ಅವಳು ಪಾಠ ಕೇಳುತ್ತಿದ್ದದ್ದು ಗೋದಾಮಿನಲ್ಲಂತೆ, ಸುತ್ತಿಟ್ಟ ಜಮಖಾನಗಳ ಸಂದಿಯಲ್ಲಿ ಕೂತು. ಅಲ್ಲಿ ದೀಪವಿಲ್ಲ. "ಕ್ಯಾಮೆರಾ ಹಚ್ಚಿದ್ರೂ ಕತ್ತಲನ ಕಾಣಸ್ತಿತ್ರೀ" ಎಂದು ನಕ್ಕಳು. ಸಿಟ್ಟೇ, ಇವಳ ಮೇಲೆಯೇ? ಇವಳನ್ನು ತೆಗೆದುಹಾಕು ಎಂದಿದ್ದೆನಲ್ಲ!

ಮರುದಿನ ನಾನು ಬಜಾರದಿಂದ ದಾರದುಂಡೆ ತಂದು ಒಳಗೆ ಕಾಲಿಡುವಷ್ಟರಲ್ಲಿ ಕರ್ರ್ ಕರ್ರ್ ಎಂದು ಕತ್ತರಿಯ ಸದ್ದು. ಚಿಗವ್ವ ನೆಲದ ಮೇಲೆ ತನ್ನ ಹಳೆಯ ಸೀರೆಯೊಂದನ್ನು ಹರವಿಕೊಂಡು ಕುಪ್ಪಸ ಕತ್ತರಿಸುತ್ತಿದ್ದಳು. ಕೈ ನಡುಗುತ್ತಿತ್ತು, ಗೆರೆ ನಡುಗುತ್ತಿರಲಿಲ್ಲ. ಪಕ್ಕದಲ್ಲಿ ಮಧುವಂತಿಯ ಫೋನು, ಅದರೊಳಗೆ ನನ್ನ ಕೈಗಳು. ಮಧುವಂತಿ ಗೋಡೆಗೆ ಒರಗಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. "ಹೇಳ್ಬೇಡ ಅಂದಿದ್ರು" ಎಂದಳು. ನಾನು ಇಲ್ಲದಾಗಲೆಲ್ಲ ಮುದುಕಿ ಆ ಪಾಠಗಳನ್ನು ಹಾಕಿಸಿಕೊಂಡು ನೋಡುತ್ತಿದ್ದಳಂತೆ. "ನಾ ನಿನಗ ಕೊಟ್ಟಿದ್ನಲ್ಲ, ನೋಡು, ತಿರುಗಿ ಬಂತು" ಎಂದಳು ಚಿಗವ್ವ. ಆ ಮುಖದ ಮೇಲೆ ಅಂಥ ಬೆಳಕನ್ನು ನಾನು ಹುಡುಗಿಯಾಗಿದ್ದಾಗ ಕಂಡಿದ್ದೆ. ನನಗೆ ಸಂತೋಷಪಡಲೂ ಆಗಲಿಲ್ಲ. ಚಿಗವ್ವನಿಗೆ ಬಂತೆಂದರೆ ಫಕೀರವ್ವನದು ಏನಾಯಿತು?

ಫೋನು ಮಾಡಿದೆ. "ಫಕೀರವ್ವಾ, ಇದ್ದ ಕೆಲಸ ಬಿಡು, ಕತ್ತರಿ ಹಿಡಿ. ಬಟ್ಟಿ ಮುಂದ ಇಟ್ಕೋ." "ಯಾಕ್ರೀ ಅಕ್ಕಾರ?" "ಹಿಡಿಯವಾ, ನಿನ್ನ ಕಾಲಿಗೆ ಬೀಳ್ತೀನಿ." ಆಚೆ ಕಡೆ ಏನೋ ಸರಿದ ಸದ್ದು. ಆಮೇಲೆ ಏನೂ ಇಲ್ಲ. ನಾವು ಮೂವರೂ ಫೋನಿನ ಸುತ್ತ ಬಾಗಿದ್ದೆವು. ಚಿಗವ್ವ ಕತ್ತರಿಸಿದ ತುಂಡನ್ನು ಎದೆಗೊತ್ತಿಕೊಂಡು, "ಆಕಿದು ಹೋಗಿದ್ರ ನಂದು ತಿರುಗಿ ಒಯ್ಯೋ ದೇವ್ರ" ಎಂದು ಗೊಣಗುತ್ತಿದ್ದಳು. ಆಗ ಆ ಕಡೆಯಿಂದ ಕೇಳಿಸಿತು, ಕರ್ರ್, ಕರ್ರ್, ಎಲ್ಲೂ ತಡವರಿಸದ ಸದ್ದು. "ಕಂಕುಳ ತಿರುವಿನಾಗ ಅದೀನ್ರೀ" ಎಂದಳು ಫಕೀರವ್ವ. "ಮ್ಯಾಲ ಇಟ್ಟೀನಿ, ನೀವ ಹೇಳಿದಂಗ. ತಪ್ಪಾತೇನ್ರೀ?" "ತಪ್ಪಿಲ್ಲ ನನ್ನವ್ವಾ, ಏನೂ ತಪ್ಪಿಲ್ಲ" ಎಂದೆ. ಇಬ್ಬರ ಕೈಯಲ್ಲೂ ಇತ್ತು, ಯಾರಿಂದಲೂ ಹೋಗಿರಲಿಲ್ಲ. ಮಧುವಂತಿ ನನ್ನನ್ನು ತಬ್ಬಿಕೊಂಡಳು, ಚಿಗವ್ವ ಇಬ್ಬರನ್ನೂ ತಬ್ಬಿಕೊಂಡಳು, ಕತ್ತರಿ ಇನ್ನೂ ಅವಳ ಕೈಯಲ್ಲೇ ಇತ್ತು.

ಅಂದು ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆದ ಮೇಲೆ ನಾನು ಪಟ್ಟೆಪಟ್ಟೆಯ ಶಾಮಿಯಾನದ ಕುಪ್ಪಸ ತೊಟ್ಟು ಬಂದು ಚಾಪೆಯ ಮೇಲೆ ಕೂತೆ. ಮುಂದೆ ಹಳೆಯ ಪೇಪರು, ಕತ್ತರಿ. ಮಧುವಂತಿ ಫೋನಿನಲ್ಲಿ ಮೊದಲ ಪಾಠ ಹಚ್ಚಿದಳು. ಅದು ಕೊಂಡಿಗೆ ಕಟ್ಟುವ ಮುಂಚಿನದು. ಅದರಲ್ಲಿ ನನ್ನ ಮುಖ ಬಂತು, ಎಂಥ ಗತ್ತು, ಎಂಥ ಬಿಗಿದ ಗಲ್ಲ. ಆಮೇಲೆ ಬಗ್ಗಿದೆ, ನನ್ನ ನಡುನೆತ್ತಿ ಬಂತು, ಬಹಳ ಹೊತ್ತು ಅದೇ ಇತ್ತು. ಒಳಗಿದ್ದ ನಾನು ತಲೆ ಎತ್ತಿ, ಯಾರಿಗೂ ಏನೂ ಬರುವುದಿಲ್ಲ ಎಂಬ ಧೈರ್ಯದಲ್ಲಿ, "ತಿಳೀತೇನ್ರೀ ಎಲ್ಲಾರ್ಗೂ?" ಎಂದು ಕೇಳಿದೆ.

"ಇಲ್ರೀ ಅಕ್ಕಾರ" ಎಂದೆ ಇತ್ತಲಿಂದ, "ಇನ್ನೊಮ್ಮೆ ತೋರಸ್ರಿ." ಚಿಗವ್ವ ನನ್ನ ತೊಡೆಗೆ ಒಂದು ಪೆಟ್ಟು ಕೊಟ್ಟು, ಗಾಜಿನ ಮೇಲೆ ಬೆರಳಿಟ್ಟು, ಪಾಠವನ್ನು ಮೊದಲಿಗೆ ಸರಿಸಿದಳು.